ವರದಿಯಲ್ಲಿ ‘ನಾರ್ಮಲ್’ ಎಂದಿದೆ, ಆದರೂ ಮಗುವಿನ ರಕ್ತದಲ್ಲಿ ಸೀಸ ಹೆಚ್ಚೇ ಇದೆ

ಎರಡು ವರ್ಷದ ಕೂಸಿನ ರಕ್ತದ ವರದಿ ಬಂತು ಅನ್ನಿ. ಸೀಸದ ಮುಂದೆ 8 ಎಂಬ ಅಂಕಿ ಇದೆ. ಪಕ್ಕದ ಕಾಲಂನಲ್ಲಿ ‘10ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್’ ಎಂದು ಅಚ್ಚಾಗಿದೆ. ಅಪ್ಪ ಅವ್ವ ನಿರಾಳವಾಗಿ ಮನೆಗೆ ಹೋಗುತ್ತಾರೆ. ಆ 10 ಎಂಬ ಗೆರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1991ರಲ್ಲಿ ಎಳೆದದ್ದು. ಅದೇ ಸಂಸ್ಥೆ 2012ರಲ್ಲಿ ಅದನ್ನು ಕೈಬಿಟ್ಟಿತು. ಇಂದಿನ ಯಾವ ಅಳತೆಗೋಲು ಹಿಡಿದರೂ 8 ಎಂದರೆ ಮನೆಯಲ್ಲಿ ಅಥವಾ ಓಣಿಯಲ್ಲಿ ಎಲ್ಲಿಂದಲೋ ಸೀಸ ಆ ಕೂಸಿನ ಹೊಟ್ಟೆ ಸೇರುತ್ತಿದೆ, ಎಲ್ಲಿಂದ ಎಂದು ಹುಡುಕಲೇಬೇಕು ಎಂದರ್ಥ.

ಈ ಅಂಕಿಗಳ ಮಾನ ‘ಪ್ರತಿ ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮೈಕ್ರೊಗ್ರಾಂ’. ಡೆಸಿಲೀಟರ್ ಎಂದರೆ 100 ಮಿಲಿಲೀಟರ್. ಮೈಕ್ರೊಗ್ರಾಂ ಎಂದರೆ ಒಂದು ಗ್ರಾಮಿನ 10 ಲಕ್ಷದಲ್ಲೊಂದು ಪಾಲು. ವರದಿ ಓದುವಾಗ ಮೊದಲು ನೋಡಬೇಕಾದದ್ದು ಈ ಮಾನವನ್ನೇ. ಕೆಲವು ಪ್ರಯೋಗಾಲಯಗಳು ಪ್ರತಿ ಲೀಟರ್‌ಗೆ ಲೆಕ್ಕ ಕೊಡುತ್ತವೆ. ಅಲ್ಲಿ 50 ಎಂದರೆ ಇಲ್ಲಿ 5. ಇದನ್ನು ಗಮನಿಸದೆ ಸುಮ್ಮನೆ ಗಾಬರಿಯಾಗುವವರೂ ಉಂಟು, ಗಾಬರಿಯಾಗಬೇಕಾದ ಕಡೆ ಸುಮ್ಮನಿರುವವರೂ ಉಂಟು.

ಗೆರೆ ಇಳಿದ ಬಗೆ ನೋಡಿ. 1960ರ ದಶಕದಲ್ಲಿ 60ರವರೆಗೂ ಚಿಂತೆಯಿಲ್ಲ ಎನ್ನುತ್ತಿದ್ದರು. 1970ರಲ್ಲಿ 40, 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರ ಅಕ್ಟೋಬರಿನಲ್ಲಿ 3.5. ಸೀಸದ ಗುಣವೇನೂ ಈ ಅವಧಿಯಲ್ಲಿ ಬದಲಾಗಲಿಲ್ಲ. ಇನ್ನೂ ಕಡಿಮೆ ಪ್ರಮಾಣದಲ್ಲಿ ಆಗುವ ಹಾನಿ ಒಂದೊಂದಾಗಿ ಗೊತ್ತಾಗುತ್ತ ಹೋಯಿತು, ಅಷ್ಟೆ. ಕೊನೆಯ 3.5 ಕೂಡ ‘ಇಷ್ಟರವರೆಗೆ ಪರವಾಗಿಲ್ಲ’ ಎಂಬ ಗೆರೆಯಲ್ಲ. ಅಮೆರಿಕದ 1ರಿಂದ 5 ವರ್ಷದ ಮಕ್ಕಳಲ್ಲಿ ಅತಿ ಹೆಚ್ಚು ಸೀಸವಿರುವ ಶೇ 2.5ರಷ್ಟು ಮಕ್ಕಳನ್ನು ಬೇರ್ಪಡಿಸಲು ಎಳೆದ ಲೆಕ್ಕಾಚಾರದ ಗೆರೆ ಅದು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ 5 ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತಡೆಯಿರಿ ಎನ್ನುತ್ತದೆ. ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ಗೊತ್ತಿಲ್ಲ ಎಂಬುದೂ ಅದೇ ಸಂಸ್ಥೆಯ ಮಾತು.

ಎಷ್ಟು ಅಲ್ಪ ಪ್ರಮಾಣದ ಮಾತಿದು ಎಂಬುದಕ್ಕೆ ಒಂದು ಲೆಕ್ಕ. ಎರಡು ವರ್ಷದ ಮಗುವಿನ ತೂಕ 12 ಕಿಲೊ, ಕಿಲೊಗೆ 75 ಮಿಲಿಲೀಟರ್‌ನಂತೆ ಮೈಯಲ್ಲಿ ಸುಮಾರು 900 ಮಿಲಿಲೀಟರ್ ರಕ್ತ. ಸೀಸದ ಮಟ್ಟ 5 ಎಂದರೆ ಅಷ್ಟೂ ರಕ್ತದಲ್ಲಿರುವ ಸೀಸ 45 ಮೈಕ್ರೊಗ್ರಾಂ. ಪುಡಿಯುಪ್ಪಿನ ಒಂದು ಹರಳಿಗಿಂತಲೂ ಹಗುರ. ಎಲುಬಿನಲ್ಲಿ ಸೇರಿಕೊಂಡದ್ದು ಬೇರೆ.

ಹಾನಿಯೂ ಅನುಪಾತದಲ್ಲಿ ಏರುವುದಿಲ್ಲ. ಏಳು ದೀರ್ಘಾವಧಿ ಅಧ್ಯಯನಗಳ 1,333 ಮಕ್ಕಳ ಲೆಕ್ಕವನ್ನು ಒಟ್ಟು ಮಾಡಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ರಕ್ತದ ಸೀಸ 2.4ರಿಂದ 10ಕ್ಕೆ ಏರಿದಾಗ ಬುದ್ಧಿಮತ್ತೆಯ ಅಂಕ 3.9ರಷ್ಟು ಇಳಿದಿತ್ತು. 10ರಿಂದ 20ಕ್ಕೆ ಏರಿದಾಗ ಮತ್ತೆ 1.9, 20ರಿಂದ 30ಕ್ಕೆ 1.1. ಅಂದರೆ ಹೆಚ್ಚಿನ ಪೆಟ್ಟು ಬೀಳುವುದು ಹಳೆಯ ವರದಿ ‘ನಾರ್ಮಲ್’ ಎನ್ನುವ ಜಾಗದಲ್ಲೇ. ಆ ಹಂತದಲ್ಲಿ ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ಹೊರಗೆ ಕಾಣುವ ಏನೂ ಇಲ್ಲ. ಮಗು ತುಸು ಹಟಮಾರಿ, ಅಕ್ಷರ ತಲೆಗೆ ಹತ್ತುವುದಿಲ್ಲ ಎಂದು ಮಾಸ್ತರರು ಹೇಳುವ ಹೊತ್ತಿಗೆ ನಾಲ್ಕೈದು ವರ್ಷ ಕಳೆದಿರುತ್ತದೆ.

ವಸ್ತುವಿಗೊಂದು ಮಿತಿ, ಮಗುವಿಗೆ ಇಲ್ಲ

ಭಾರತದಲ್ಲಿ ಸೀಸಕ್ಕೆ ನಿಯಮಗಳ ಕೊರತೆಯಿಲ್ಲ. ಸೀಸದ ಪೆಟ್ರೋಲು 2000ದಲ್ಲಿ ನಿಂತಿತು. ಮನೆಬಳಕೆಯ ಮತ್ತು ಅಲಂಕಾರದ ಪೇಂಟಿನಲ್ಲಿ 90 ಪಿಪಿಎಂ, ಅಂದರೆ 10 ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರ ನವೆಂಬರಿನಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಲೀಟರಿಗೆ 0.01 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೂ ಇದಕ್ಕೆ ಸಡಿಲಿಕೆ ಇಲ್ಲ. ಗಾಳಿಯಲ್ಲಿ ವಾರ್ಷಿಕ ಸರಾಸರಿ ಘನ ಮೀಟರಿಗೆ 0.5 ಮೈಕ್ರೊಗ್ರಾಂ. ಅರಿಶಿನದಲ್ಲಿ 10 ಪಿಪಿಎಂ. ಪಿವಿಸಿ ಪೈಪಿಗೆ 2021ರ ನಿಯಮ, ಹಳೆ ಬ್ಯಾಟರಿಗೆ 2022ರ ನಿಯಮ. ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ.

ತೊಡಕು ಇರುವುದು ಕೂಡಿಸುವಲ್ಲಿ. ಪ್ರತಿ ನಿಯಮವೂ ಒಂದು ವಸ್ತುವನ್ನು ನೋಡುತ್ತದೆ. ಮಗು ಮಾತ್ರ ಎಲ್ಲವನ್ನೂ ಒಂದೇ ದಿನ, ಒಂದೇ ಹೊಟ್ಟೆಗೆ ತೆಗೆದುಕೊಳ್ಳುತ್ತದೆ. ಮಿತಿಯೊಳಗೇ ಇರುವ ನೀರು ದಿನಕ್ಕೆ ಒಂದು ಲೀಟರ್ ಕುಡಿದರೆ ಹೆಚ್ಚೆಂದರೆ 10 ಮೈಕ್ರೊಗ್ರಾಂ. ಮಿತಿಯೊಳಗೇ ಇರುವ ಅರಿಶಿನ ಅರ್ಧ ಗ್ರಾಂ ಹೊಟ್ಟೆಗೆ ಹೋದರೆ 5 ಮೈಕ್ರೊಗ್ರಾಂ. ಎರಡೂ ಕಾನೂನುಬದ್ಧ, ಕೂಡಿಸಿದರೆ 15. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಹಾರದಿಂದ ಮಗುವಿಗೆ ದಿನಕ್ಕೆ ಹೋಗಬಹುದೆಂದು ಇಟ್ಟುಕೊಂಡ ಲೆಕ್ಕ 2.2. ಈ 2.2ರಲ್ಲಿ ಹತ್ತು ಪಟ್ಟು ಎಚ್ಚರಿಕೆಯ ಅಂತರವಿದೆ, ಹಾಗಾಗಿ 15 ಆದೊಡನೆ ವಿಷವೇರಿತು ಎಂದಲ್ಲ. ಎಚ್ಚರಿಕೆಗೆಂದು ಇಟ್ಟ ಅಂತರದ ಹೆಚ್ಚಿನ ಪಾಲನ್ನು ಎರಡು ಶುದ್ಧ ವಸ್ತುಗಳೇ ತಿಂದುಹಾಕಿದವು ಎಂದು. ನೀರಿನ 10 ಕೂಡ ಆರೋಗ್ಯದ ಲೆಕ್ಕದಿಂದ ಬಂದದ್ದಲ್ಲ. ಸಾಮಾನ್ಯ ವ್ಯವಸ್ಥೆಯಲ್ಲಿ ಸಾಧಿಸಬಹುದಾದಷ್ಟು ಎಂಬ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತಾತ್ಕಾಲಿಕ ಎಂದೇ ಉಳಿಸಿಕೊಂಡಿದೆ.

ಕೊನೆಗೆ ಎಲ್ಲ ಕೂಡಿ ಎಷ್ಟಾಯಿತು ಎಂದು ಹೇಳುವುದು ಮಗುವಿನ ರಕ್ತ ಒಂದೇ. ಅದನ್ನು ನಿಯತವಾಗಿ ನೋಡುವ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ನಮ್ಮಲ್ಲಿಲ್ಲ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಪರಿಶಿಷ್ಟದಲ್ಲಿ ಸೀಸದ ವಿಷಬಾಧೆ ಮೊದಲ ಸಾಲಿನಲ್ಲೇ ಇತ್ತು. ಕಾರ್ಮಿಕನಿಗೆ ಆ ಕಾಯಿಲೆ ಕಂಡುಬಂದರೆ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ತಿಳಿಸಲೇಬೇಕಿತ್ತು. ಅದೇ ಕಾರ್ಮಿಕನ ಅಂಗಿಯ ದೂಳಿನಿಂದ ಅವನ ಮಗುವಿಗೆ ಆದರೆ ಆ ಕಾಯ್ದೆಯಡಿ ಯಾರಿಗೂ ತಿಳಿಸಬೇಕಿರಲಿಲ್ಲ. ಮಕ್ಕಳ ಸೀಸದ ಬಗ್ಗೆ ದೇಶದ ಗಮನ ಸೆಳೆದ ಮೊದಲ ದೊಡ್ಡ ಪರೀಕ್ಷೆಯನ್ನು 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ಮಾಡಿಸಿತು. 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡಿತ್ತು. ಆಗ ದೊಡ್ಡ ಪಾಲು ಪೆಟ್ರೋಲಿನದು. ಪೆಟ್ರೋಲಿನ ಸೀಸ ಹೋಯಿತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಎಂಬ ಸ್ವಯಂಸೇವಾ ಸಂಸ್ಥೆ ಅಂದಾಜಿಸಿದಂತೆ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರಿಗೆ ಇಂದಿಗೂ 5 ಅಥವಾ ಹೆಚ್ಚು ಸೀಸವಿದೆ. ಅದು ಈಗ ಬರುತ್ತಿರುವ ದಾರಿ ಬೇರೆ.

ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಎಲ್ಲಿ ನೋಡಬೇಕು

ಈ ಮೂರು ಜಿಲ್ಲೆಗಳಲ್ಲಿ ಸೀಸ ಎಂದೊಡನೆ ಮೊದಲು ಮನಸ್ಸಿಗೆ ಬರುವುದು ಗಣಿಯ ಕೆಂಪು ದೂಳು. ಸಂಡೂರಿನ ಅದಿರಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಆದರೆ ಕಬ್ಬಿಣದ ಅದಿರು ಸೀಸದ ದೊಡ್ಡ ಮೂಲವಲ್ಲ. ಹಲ್ಲಿನ ಕಂದು ಕಲೆ, ಬಾಗಿದ ಕಾಲು ಫ್ಲೋರೈಡಿನ ಗುರುತು. ಹಟ್ಟಿ–ಮಸ್ಕಿ ಸೀಮೆಯ ಅಂತರ್ಜಲದಲ್ಲಿ ವರದಿಯಾದದ್ದು ಆರ್ಸೆನಿಕ್. ಮೂರಕ್ಕೂ ಪರೀಕ್ಷೆ ಬೇರೆ, ಪರಿಹಾರ ಬೇರೆ. ಬೋರಿನ ನೀರಿನಲ್ಲಿ ಫ್ಲೋರೈಡ್ ಸರಿಯಿದೆ ಎಂಬ ವರದಿ ಸೀಸದ ಬಗ್ಗೆ ಏನೂ ಹೇಳುವುದಿಲ್ಲ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರಂತೂ ಸೀಸವನ್ನು ತೋರಿಸುವುದೇ ಇಲ್ಲ. ನೀರು ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆರ್‌ಒ ಇರುವ ಶುದ್ಧ ನೀರಿನ ಘಟಕ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಸೀಸವನ್ನೂ ತೆಗೆಯುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಳೆ ಬ್ಯಾಟರಿ. ಅದಿರಿನ ಲಾರಿ, ಭತ್ತದ ಸೀಮೆಯ ಟ್ರ್ಯಾಕ್ಟರ್, ಆಟೊ, ಮನೆಮನೆಯ ಇನ್ವರ್ಟರ್, ಎಲ್ಲದರ ಬ್ಯಾಟರಿಯೂ ಒಂದು ದಿನ ಗುಜರಿಗೆ ಬರುತ್ತದೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ನಿಯಮದ ಪ್ರಕಾರ ಅದು ಇಡಿಯಾಗಿ, ಆಸಿಡ್ ಸಮೇತ, ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು. ಆಸಿಡ್ ಚೆಲ್ಲಿ, ಡಬ್ಬಿ ಒಡೆದು, ಪ್ಲೇಟು ತೆಗೆದು ಮಾರಿದರೆ ಮಾತ್ರ ಕೈಗೆ ತಕ್ಷಣ ನಾಲ್ಕು ಕಾಸು ಹೆಚ್ಚು. ಅಲ್ಲಿಂದಲೇ ಕೆಡುಕು ಶುರು. ಚೆಲ್ಲಿದ ಆಸಿಡಿನ ಜೊತೆ ಸೀಸದ ಸಲ್ಫೇಟು ಮಣ್ಣಿಗಿಳಿಯುತ್ತದೆ. ಪ್ಲೇಟಿನ ಮೇಲಿನ ಬೂದು ಲೇಪ ಒಣಗಿದರೆ ನವಿರಾದ ಪುಡಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಇದ್ದಿಲ ಒಲೆ ಸಾಕು, ಹಿತ್ತಲಿನಲ್ಲೇ ಕರಗಿಸಬಹುದು. ಮೇಲೆ ತೇಲುವ ಕಿಟ್ಟವನ್ನು ಗೋರಿ ಪಕ್ಕಕ್ಕೆ ಎಸೆಯುತ್ತಾರೆ; ಹೊಗೆ ಎಲ್ಲರಿಗೂ ಕಾಣುತ್ತದೆ, ವರ್ಷಗಟ್ಟಲೆ ಉಳಿಯುವ ಆ ಬೂದಿ ಕಣ್ಣಿಗೆ ಬೀಳುವುದಿಲ್ಲ. ಸೆನೆಗಲ್ ದೇಶದ ಡಕಾರ್ ನಗರದ ಅಂಚಿನ ತಿಯಾರೊಯೆಯಲ್ಲಿ 2007–08ರಲ್ಲಿ ಹೀಗೆ ಬ್ಯಾಟರಿ ಒಡೆಯುತ್ತಿದ್ದ ಓಣಿಯ 18 ಮಕ್ಕಳು ತೀರಿಕೊಂಡರು.

ಮಣ್ಣಿನ ಲೆಕ್ಕ ಹಾಕಿ ನೋಡಿ. ಅಂಬೆಗಾಲಿಡುವ ಮಗು ಕೈಯಿಂದ ಬಾಯಿಗೆ ದಿನಕ್ಕೆ ಸುಮಾರು 100 ಮಿಲಿಗ್ರಾಂ ಮಣ್ಣು–ದೂಳು ಹಾಕಿಕೊಳ್ಳುತ್ತದೆ. ಮಣ್ಣಿನಲ್ಲಿ 400 ಪಿಪಿಎಂ ಸೀಸವಿದ್ದರೆ ದಿನಕ್ಕೆ 40 ಮೈಕ್ರೊಗ್ರಾಂ. 400 ಎಂಬುದು ಅಮೆರಿಕದ ಪರಿಸರ ಸಂಸ್ಥೆ 1994ರಿಂದ ವಾಸದ ಜಾಗಕ್ಕೆ ಇಟ್ಟುಕೊಂಡಿದ್ದ ಗೆರೆ. 2024ರಲ್ಲಿ ಅದನ್ನು 200ಕ್ಕೆ ಇಳಿಸಿತು. ಬ್ಯಾಟರಿ ಒಡೆದ ಅಂಗಳದಲ್ಲಿ ಇದು ಸಾವಿರಗಳಲ್ಲಿ ಇರುತ್ತದೆ. ತಿಂದ ಸೀಸದಲ್ಲಿ ದೊಡ್ಡವರ ಕರುಳು ಹತ್ತರಲ್ಲೊಂದು ಪಾಲು ಹೀರಿದರೆ ಚಿಕ್ಕ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಬಲ್ಲದು. ಅಪ್ಪ ಸರಿಯಿದ್ದಾನೆ, ಹಾಗಾದರೆ ಮಗುವೂ ಸರಿಯಿದೆ ಎಂದು ಲೆಕ್ಕ ಹಾಕಬಾರದು ಎನ್ನುವುದು ಇದಕ್ಕೇ.

ತುಂಗಭದ್ರೆಯ ಹಿನ್ನೀರಿನ ಮೀನುಗಾರರ ಮನೆಗಳಲ್ಲೂ ಇದೇ ಎಚ್ಚರ ಬೇಕು. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡನ್ನು ಅಡುಗೆ ಒಲೆಯಲ್ಲಿ ಕರಗಿಸಿ ಎರಕ ಹೊಯ್ಯಬಾರದು. ಆ ಪಾತ್ರೆ, ಆ ಒಲೆ ಮತ್ತೆ ಅಡುಗೆಗೆ ಬರಬಾರದು.

ಎರಡನೆಯದು ಪೇಂಟು. 2017ಕ್ಕೆ ಮೊದಲು ಬಳಿದ ಅಂಗನವಾಡಿ, ಶಾಲೆಯ ಕಿಟಕಿ, ಗೇಟು, ಜಾರುಬಂಡೆಗಳ ಮೇಲೆ ಹಳೆಯ ಎನಾಮಲ್ ಪದರ ಉಳಿದಿರುತ್ತದೆ. ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳ ಮೇಲೆ ಅನುಮಾನ ಹೆಚ್ಚು, ಏಕೆಂದರೆ ಆ ಹೊಳಪು ಬರುವುದು ಹೆಚ್ಚಾಗಿ ಸೀಸದ ಕ್ರೋಮೇಟಿನಿಂದ. 2016ರ ನಿಯಮ ಕೈಗಾರಿಕಾ ಪೇಂಟಿಗೆ ಅನ್ವಯಿಸುವುದಿಲ್ಲ ಎಂಬುದೇ ದೊಡ್ಡ ತೂತು. ಗೇಟಿಗೆ, ಆಟದ ಸಾಮಾನಿಗೆ ಗಟ್ಟಿ ಬರಲಿ ಎಂದು ಆ ಡಬ್ಬಿ ತಂದರೆ ಕಾನೂನು ಮುರಿಯದೆಯೇ ಮಕ್ಕಳ ಕೈಗೆ ಸೀಸ ಹತ್ತುತ್ತದೆ. ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಸಾಲು ಇದೆಯೇ ನೋಡಿ ಕೊಳ್ಳಬೇಕು. ಹಳೆಯದರ ಮೇಲೆ ಹೊಸದು ಬಳಿಯುವ ಮುನ್ನ ಒಣ ಉಜ್ಜುಕಾಗದದಿಂದ ತಿಕ್ಕುವುದು, ಬೆಂಕಿ ಹಿಡಿದು ಸುಲಿಯುವುದು ಅತಿ ಕೆಟ್ಟ ಕೆಲಸ. ಗೋಡೆಯಲ್ಲಿ ಸುಮ್ಮನಿದ್ದ ಸೀಸವನ್ನು ಇಡೀ ಕೋಣೆಗೆ ಹರಡಿದಂತೆ. ನೀರು ಚಿಮುಕಿಸಿ ಒದ್ದೆಯಲ್ಲೇ ಕೆರೆಯಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಸಿಪ್ಪೆಯನ್ನು ಚೀಲಕ್ಕೆ ಕಟ್ಟಬೇಕು, ಸುಡಬಾರದು. ಕೆಲಸ ಮುಗಿದು ನೆಲ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸುವವರೆಗೆ ಮಕ್ಕಳು ಒಳಗೆ ಬರಬಾರದು. ಉದುರದೆ ಗಟ್ಟಿಯಾಗಿರುವ ಹಳೆ ಪೇಂಟನ್ನು ಮುಟ್ಟದೆ ಮೇಲೊಂದು ಪದರ ಬಳಿಯುವುದೇ ಎಷ್ಟೋ ಮೇಲು.

ಕೊಪ್ಪಳದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆಟಿಕೆಗಳ ಗುಣಮಟ್ಟ ಆದೇಶದಿಂದ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳಿಗೂ ವಿನಾಯಿತಿ ಇದೆ. ಕಿನ್ನಾಳದ ಗೊಂಬೆಗೆ ಆ ಗುರುತಿದೆ. ಕಲೆ ಉಳಿಯಲು ಈ ವಿನಾಯಿತಿ ಬೇಕೇ ಬೇಕು. ಆದರೆ ಪ್ರಯೋಗಾಲಯದ ಪರೀಕ್ಷೆ ಇಲ್ಲವೆಂದ ಮೇಲೆ ಭಾರವೆಲ್ಲ ಕೊಳ್ಳುವ ಬಣ್ಣದ ಡಬ್ಬಿಯ ಮೇಲೆ ಬೀಳುತ್ತದೆ. 90 ಪಿಪಿಎಂ ಒಳಗಿನ ಬಣ್ಣವನ್ನು ಕಲಾವಿದರಿಗೆ ಒಟ್ಟಾಗಿ ಕೊಂಡು ಒದಗಿಸುವುದು, ಮಕ್ಕಳು ಬಾಯಿಗಿಡಬಹುದಾದ ಚಿಕ್ಕ ಗೊಂಬೆಗಳಿಗೆ ಅದನ್ನೇ ಬಳಸುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ.

ಅಡುಗೆಮನೆಯಲ್ಲಿ: ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ ತವರಕ್ಕೆ ಸೀಸ ಬೆರೆತರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಹುಣಸೆಹುಳಿಯ ಸಾರು ಅದನ್ನು ಕರಗಿಸುತ್ತದೆ. ಗುಜರಿ ಲೋಹ ಕರಗಿಸಿ ಮಾಡಿದ ಹೆಸರಿಲ್ಲದ ಅಲ್ಯೂಮಿನಿಯಂ ಪಾತ್ರೆಯಲ್ಲೂ ಇದೇ ಭಯ. ಮಗುವಿನ ಅನ್ನಕ್ಕೆ ಸ್ಟೀಲ್ ಪಾತ್ರೆ ಇರಲಿ. ಅರಿಶಿನದ ಪುಡಿಗಿಂತ ಕೊಂಬು ಸುರಕ್ಷಿತ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಸೀಸದ ಕ್ರೋಮೇಟನ್ನು ಹಚ್ಚುವುದು ಬಹಳ ಸಲ ಕೊಂಬಿಗೆ ಪಾಲಿಶ್ ಕೊಡುವಾಗಲೇ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಅರಿಶಿನದ ಮಾದರಿಗಳಲ್ಲಿ ಶೇ 47ರಲ್ಲಿ ಇದು ಸಿಕ್ಕಿತ್ತು. ಪಾಲಿಶ್ ಗಿರಣಿ ಮತ್ತು ಸಗಟು ಮಾರುಕಟ್ಟೆಗಳ ಮೇಲೆ ದಾಳಿ, ದಂಡ, ಪ್ರಚಾರ ನಡೆದ ಮೇಲೆ 2021ಕ್ಕೆ ಸೊನ್ನೆಗೆ ಇಳಿಯಿತು. ಹಚ್ಚ ಹಳದಿಯಾಗಿ ಹೊಳೆಯುವ ಕೊಂಬಿಗಿಂತ ಮಣ್ಣುಬಣ್ಣದ, ಪಾಲಿಶ್ ಇಲ್ಲದ ಕೊಂಬು ಒಳ್ಳೆಯದು. ಮನೆಯಲ್ಲಿ ದೀಪದ ಮಸಿಯಿಂದ ಮಾಡಿದ ಕಾಡಿಗೆಯಲ್ಲಿ ಸಾಮಾನ್ಯವಾಗಿ ಸೀಸ ಇರುವುದಿಲ್ಲ. ಕಲ್ಲು ಅರೆದು ಮಾಡಿದ ಸುರ್ಮಾ ಸೀಸದ ಅದಿರೇ ಆಗಿರಬಹುದು. ಹಣೆಯ ಕೇಸರಿ ಸಿಂಧೂರ, ‘ನಾಗ ಭಸ್ಮ’ ಇರುವ ಔಷಧಿ ಮಗುವಿನ ಹತ್ತಿರ ಸುಳಿಯಬಾರದು. ನಾಗ ಎಂದರೆ ಸೀಸವೇ.

ರಕ್ತಹೀನತೆಯೊಂದಿಗೆ ಜೋಡಣೆ

ನಮ್ಮ ಜಿಲ್ಲೆಗಳಲ್ಲಿ ಸೀಸವನ್ನು ಪ್ರತ್ಯೇಕ ಕಾಯಿಲೆ ಎಂದು ನೋಡುವುದು ತಪ್ಪು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಲದ ಕರುಳು ಅವುಗಳ ಜಾಗದಲ್ಲಿ ಸೀಸವನ್ನು ಹೆಚ್ಚು ಹೀರುತ್ತದೆ. ಹೀರಿದ ಸೀಸ ರಕ್ತ ತಯಾರಾಗುವ ಹಂತದಲ್ಲಿ ಎರಡು ಕಿಣ್ವಗಳನ್ನು ತಡೆದು ಹಿಮೊಗ್ಲೋಬಿನ್ ಇನ್ನೂ ಇಳಿಸುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಒಂದೇ ಓಣಿಯ ಇಬ್ಬರು ಮಕ್ಕಳು ಒಂದೇ ಮಣ್ಣಲ್ಲಿ ಆಡಿದರೂ ಅಪೌಷ್ಟಿಕ ಮಗುವಿಗೆ ಪೆಟ್ಟು ಹೆಚ್ಚು.

ಇದರಿಂದ ಒಂದು ಅನುಕೂಲವೂ ಇದೆ. ಯಾರನ್ನು ಪರೀಕ್ಷಿಸಬೇಕು ಎಂಬುದು ಈಗಿರುವ ಕಾರ್ಯಕ್ರಮದಿಂದಲೇ ಗೊತ್ತಾಗುತ್ತದೆ. ರಕ್ತಹೀನತೆ ಇರುವ ಮಗುವಿಗೆ ದಿನಕ್ಕೆ ಕಿಲೊಗೆ 3 ಮಿಲಿಗ್ರಾಂ ಕಬ್ಬಿಣ ಕೊಡುತ್ತಾರೆ. ಒಂದು ತಿಂಗಳಲ್ಲಿ ಹಿಮೊಗ್ಲೋಬಿನ್ 1 ಗ್ರಾಂ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂಬ ಸೂಚನೆ ಈಗಾಗಲೇ ಇದೆ. ಔಷಧಿ ನಿಜವಾಗಿ ಹೊಟ್ಟೆಗೆ ಹೋಗಿದೆಯೇ, ಜಂತುಹುಳು ಇದೆಯೇ, ಥಲಸ್ಸೀಮಿಯಾ ಇದೆಯೇ ಎಂದು ನೋಡುವ ಆ ಹಂತದಲ್ಲೇ ಸೀಸದ ಪರೀಕ್ಷೆಯೂ ಸೇರಬೇಕು. ಮಣ್ಣು, ಬಳಪ, ಸುಣ್ಣದ ಹೆಕ್ಕಳ ತಿನ್ನುವ ಮಗು, ಮಾತು ತಡವಾದ ಮಗು, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿದ ಮಗು ಕೂಡ ಈ ಸಾಲಿಗೆ. ಆಶಾ ಕಾರ್ಯಕರ್ತೆ ಮನೆಯಲ್ಲಿ ಕೇಳಬೇಕಾದದ್ದು ನಾಲ್ಕೇ ಮಾತು: “ಮನ್ಯಾಗ ಯಾರರೆ ಬ್ಯಾಟರಿ, ಪೇಂಟ್, ಗುಜರಿ ಕೆಲಸಕ್ಕ ಹೋಗ್ತಾರೇನವ್ವ? ಕೂಸು ಮಣ್ಣು ತಿಂತೈತೇನು? ಹಿತ್ತಲದಾಗ ಏನರೆ ಕರಗಿಸ್ತೀರೇನು? ಕೂಸಿಗೆ ಭಸ್ಮ, ಸುರ್ಮಾ ಹಾಕ್ತೀರೇನು?” ಒಂದಕ್ಕೆ ಹೌದು ಎಂದರೂ ಪರೀಕ್ಷೆ.

ಪರೀಕ್ಷೆ ಎಲ್ಲಿ ಕೆಡುತ್ತದೆ

ಬೆರಳು ಚುಚ್ಚಿ ಎರಡು ಹನಿ ತೆಗೆದು ಮೂರೇ ನಿಮಿಷದಲ್ಲಿ ಅಂಕಿ ಹೇಳುವ ಕೈಯಂತ್ರಗಳು ಬಂದಿವೆ. 50 ಮೈಕ್ರೊಲೀಟರ್ ರಕ್ತ ಸಾಕು. ಅಳೆಯುವ ವ್ಯಾಪ್ತಿ ಸುಮಾರು 3.3ರಿಂದ 65. ಇದರ ದೊಡ್ಡ ಶತ್ರು ಬೆರಳಿನ ಮೇಲಿನ ದೂಳು. ಚರ್ಮದ ಮೇಲೆ ಕಾಣದಷ್ಟು ಸೀಸವಿದ್ದರೂ ಅಂಕಿ ಸುಳ್ಳಾಗಿ ಏರುತ್ತದೆ. ಹಾಗಾಗಿ ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ ಕೈ ತೊಳೆಸಬೇಕು. ಬಟ್ಟೆಯಲ್ಲಿ ಒರೆಸದೆ ಗಾಳಿಯಲ್ಲಿ ಆರಿಸಬೇಕು, ಮಗು ಏನನ್ನೂ ಮುಟ್ಟದಂತೆ ಹಿಡಿಯಬೇಕು. ಆಮೇಲೆ ಸ್ಪಿರಿಟ್, ಆಮೇಲೆ ಚುಚ್ಚು. ಮೊದಲ ಹನಿ ಒರೆಸಿ ಬಿಟ್ಟು ಮುಂದಿನ ಹನಿ ತೆಗೆಯಬೇಕು. ಬೆರಳನ್ನು ಹಿಂಡಬಾರದು. ಕೈ ತೊಳೆಸದೆ ಶಿಬಿರದಲ್ಲಿ ಸಾಲಾಗಿ ಚುಚ್ಚಿದರೆ ಬರುವ ಅಂಕಿಗಳು ಯಾರ ಉಪಯೋಗಕ್ಕೂ ಬಾರವು.

ಬೆರಳಿನ ಅಂಕಿ 3.5 ದಾಟಿದರೆ ರಕ್ತನಾಳದಿಂದ ರಕ್ತ ತೆಗೆದು ದೊಡ್ಡ ಪ್ರಯೋಗಾಲಯದಲ್ಲಿ ಖಚಿತಪಡಿಸಬೇಕು. ಸೂಕ್ಷ್ಮ ಲೋಹಗಳ ಪರೀಕ್ಷೆಗೆಂದೇ ಇರುವ ಕೊಳವೆ ಬೇಕು, ಸಾಮಾನ್ಯ ಕೊಳವೆಯಲ್ಲೇ ಅಲ್ಪ ಸೀಸ ಇರಬಹುದು. ಅಮೆರಿಕದ ಸಲಹೆಯಂತೆ 3.5ರಿಂದ 9 ಇದ್ದರೆ ಮೂರು ತಿಂಗಳೊಳಗೆ, 10ರಿಂದ 19ಕ್ಕೆ ಒಂದು ತಿಂಗಳು, 20ರಿಂದ 44ಕ್ಕೆ ಎರಡು ವಾರ, 45 ಮತ್ತು ಮೇಲಕ್ಕೆ 48 ಗಂಟೆ. ರಾಜ್ಯದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಕಟ್ಟಿದ ಸೀಸದ ರಾಷ್ಟ್ರೀಯ ಪರಾಮರ್ಶನ ಕೇಂದ್ರ ಈ ವಿಷಯದಲ್ಲಿ ಹಳೆಯ ಅನುಭವಿ.

ಇನ್ನು ಚಿಕಿತ್ಸೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಗಳಿವೆ, ಆದರೆ ಅವು 45 ಮತ್ತು ಅದಕ್ಕಿಂತ ಹೆಚ್ಚಿರುವ ಮಕ್ಕಳಿಗೆ, ಆಸ್ಪತ್ರೆಯ ನಿಗಾದಲ್ಲಿ. 8 ಅಥವಾ 15 ಇರುವ ಮಗುವಿಗೆ ಅವು ಬುದ್ಧಿಶಕ್ತಿಯನ್ನು ಮರಳಿಸುವುದಿಲ್ಲ. ಮೂಲ ಹಾಗೇ ಉಳಿದ ಮನೆಗೆ ಮಗುವನ್ನು ಮರಳಿ ಕಳಿಸಿದರೆ ಔಷಧಿ ಕೊಟ್ಟೂ ಏನು ಫಲ? ‘ವಿಷ ತೆಗೆಯುತ್ತೇವೆ’ ಎನ್ನುವ ಪುಡಿ–ಕಷಾಯಗಳಿಗೆ ದುಡ್ಡು ಸುರಿಯಬೇಡಿ. 45ಕ್ಕಿಂತ ಕೆಳಗೆ ಇರುವ ಔಷಧಿ ಎಂದರೆ ಮೂಲವನ್ನು ತೆಗೆಯುವುದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ತುಂಬಿಸುವುದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ನುಗ್ಗೆಸೊಪ್ಪು, ಹಾಲು, ಮೊಟ್ಟೆ, ಜೊತೆಗೆ ಲಿಂಬೆ ಅಥವಾ ಪೇರಲ. ಖಾಲಿ ಹೊಟ್ಟೆ ಸೀಸವನ್ನು ಹೆಚ್ಚು ಹೀರುವುದರಿಂದ ಮಗು ಬೆಳಿಗ್ಗೆ ಉಣ್ಣದೆ ಆಡಲು ಹೋಗಬಾರದು. ಫಿಟ್ಸ್ ಬರುವುದು, ಎಚ್ಚರ ತಪ್ಪುವುದು, ನಿಲ್ಲದ ವಾಂತಿ ಇದ್ದರೆ ಅಂಕಿಗಾಗಿ ಕಾಯದೆ ಆಸ್ಪತ್ರೆಗೆ.

ಮನೆಯಲ್ಲಿ ಒಣ ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒಂದು ಬಕೆಟ್ ಸೋಪುನೀರಿಗೆ, ಇನ್ನೊಂದು ಬಟ್ಟೆ ಹಿಂಡಲಿಕ್ಕೆ. ಬ್ಯಾಟರಿ ಕೆಲಸ ಮಾಡುವವರು ಅಂಗಡಿಯಲ್ಲೇ ಅಂಗಿ ಬದಲಿಸಿ, ಮೈ ತೊಳೆದು ಬರಬೇಕು. ಆ ಬಟ್ಟೆ ಮಗುವಿನ ಬಟ್ಟೆಯ ಜೊತೆ ಸೇರಬಾರದು. ಸಾರಿಸಿದ ಮಣ್ಣಿನ ನೆಲದಲ್ಲಿ ಸೀಸ ಸೇರಿದ್ದರೆ ಮೇಲೆ ಸಾರಿಸುತ್ತ ಹೋದರೆ ಸಾಲದು. ಮೇಲ್ಪದರ ತೆಗೆದು ಹೊಸ ಮಣ್ಣು ಅಥವಾ ಸಿಮೆಂಟು ಹಾಕಬೇಕು. ಅಂಗಳದಲ್ಲಿ ಕನಿಷ್ಠ ಅರ್ಧ ಅಡಿ ಶುದ್ಧ ಮಣ್ಣು ಹೊದಿಸಬೇಕು, ತೆಗೆದ ಮಣ್ಣನ್ನು ಹೊಲಕ್ಕೋ ಕೆರೆಗೋ ಸುರಿಯಬಾರದು. ಇಷ್ಟೆಲ್ಲ ಮಾಡಿದರೂ ಅಂಕಿ ಇಳಿಯುವುದು ನಿಧಾನ. ರಕ್ತದ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧವಾಗಬೇಕು, ಆದರೆ ಎಲುಬಿನಲ್ಲಿದ್ದದ್ದು ವರ್ಷಗಟ್ಟಲೆ ಹೊರಬರುತ್ತಲೇ ಇರುತ್ತದೆ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ 20 ಇದ್ದದ್ದು 16 ಆಗಿದ್ದರೆ ಕೆಲಸ ಸರಿದಾರಿಯಲ್ಲಿದೆ. 20 ಇದ್ದದ್ದು 22 ಆಗಿದ್ದರೆ ಮೂಲ ಸಿಕ್ಕಿಲ್ಲ, ಮತ್ತೆ ಮನೆಗೆ ಹೋಗಿ ಹುಡುಕಬೇಕು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಈ ಭಾಗದಲ್ಲಿ ಉತ್ತರವಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಆರೋಗ್ಯ, ಕುಡಿಯುವ ನೀರು, ಮಕ್ಕಳ ಕಲ್ಯಾಣ ಆದ್ಯತೆಯ ವಲಯಗಳು. ಬಳ್ಳಾರಿಯಲ್ಲಿ ಅದಿರಿದೆ, ರಾಯಚೂರಿನಲ್ಲಿ ಹಟ್ಟಿಯ ಚಿನ್ನವಿದೆ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಒಂದೊಂದರಲ್ಲಿ ಒಂದು ಕೈಯಂತ್ರ, ತರಬೇತಾದ ಇಬ್ಬರು ಸಿಬ್ಬಂದಿ, ಖಚಿತ ಪರೀಕ್ಷೆಗೆ ಬೆಂಗಳೂರಿಗೆ ಮಾದರಿ ಕಳಿಸುವ ವ್ಯವಸ್ಥೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೂಲದ ವಿಳಾಸ ತಲುಪಿಸುವ ಒಂದು ನಮೂನೆ, ಇಷ್ಟರಿಂದ ಶುರುವಾಗಬಹುದು. ವರದಿಯ ನಮೂನೆಯಲ್ಲಿ ‘ನಾರ್ಮಲ್’ ಎಂಬ ಕಾಲಂ ತೆಗೆದು ಮೂರು ಸಾಲು ಅಚ್ಚು ಹಾಕಿಸಬೇಕು: 3.5 ದಾಟಿದರೆ ಮರುಪರೀಕ್ಷೆ. 5 ದಾಟಿದರೆ ಮನೆಭೇಟಿ, ಮೂಲ ಶೋಧ, ಕಬ್ಬಿಣ–ಕ್ಯಾಲ್ಸಿಯಂ. 45 ಮುಟ್ಟಿದರೆ ದಾಖಲಾತಿ. ಕೆಳಗೆ ಖಾಲಿ ಜಾಗದಲ್ಲಿ ಅಪ್ಪ ಅವ್ವ ಮಾಡುವ ಕೆಲಸ ಏನು ಎಂದು ಬರೆಯಲು ಒಂದು ಗೆರೆ.